ಅಪ್ಪನ ಭಾವಚಿತ್ರ: ಬರೆದದ್ದಕ್ಕಿಂತ ಕೆರೆದದ್ದೇ ಹೆಚ್ಚು

ಅಪ್ಪನ ಬಲ ಭುಜ ಎಡ ಭುಜಕ್ಕಿಂತ ಮುಕ್ಕಾಲು ಇಂಚು ಕೆಳಗಿದೆ. ಇದು ನನ್ನ ಕಣ್ಣಳತೆಯಲ್ಲ. ಅವರೇ ಕನ್ನಡಿಯ ಮುಂದೆ ನಿಂತು ಟೇಪು ಹಿಡಿದು ಅಳೆದು ಹೇಳಿದ್ದು. ನಲವತ್ತು ವರ್ಷ ಹೊಲಿಗೆ ಯಂತ್ರದ ಮೇಲೆ ಬಾಗಿದ ದರ್ಜಿಯ ಭುಜ ಇಳಿಯದೆ ಇನ್ನೇನಾಗುತ್ತದೆ ಎಂಬುದು ಅವರ ವಾದ. ಇದರ ಜೊತೆಗೆ ಬಲಗಿವಿ ಮಂದ. ಯಾರಾದರೂ ಮಾತನಾಡಿಸಿದರೆ ಎಡಗಿವಿಯನ್ನು ಮುಂದೆ ಕೊಟ್ಟು, ತಲೆಯನ್ನು ಒಂದಿಷ್ಟು ಬಲಕ್ಕೆ ಹೊರಳಿಸುತ್ತಾರೆ. ಒಂದು ಇಳಿದ ಭುಜ, ಒಂದು ಹೊರಳಿದ ತಲೆ. ಇವೆರಡರ ನಡುವೆ ಕುತ್ತಿಗೆಯ ಬಳಿ ಬೀಳುವ ಓರೆಯಾದ ಖಾಲಿ ಜಾಗದಲ್ಲಿ ನನ್ನ ಅಪ್ಪ ಇದ್ದಾರೆ, ಮೂಗಿನಲ್ಲೂ ಕಣ್ಣಿನಲ್ಲೂ ಅಲ್ಲ ಎಂದು ತಿಳಿಯುವುದಕ್ಕೆ ನನಗೆ ಸುಮಾರು ಎರಡೂವರೆ ವರ್ಷ ಮತ್ತು ಚಿತ್ರ ಬರೆದ ಏಳು ಹಲಗೆಗಳು ಬೇಕಾದವು.

ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಅಪ್ಪನ ಅಮೂರ್ತ ಭಾವಚಿತ್ರ, ಅಂದರೆ ಮುಖವನ್ನು ಮುಖದಂತೆ ಬರೆಯದೆಯೂ ಅವರೇ ಎನಿಸುವ ಚಿತ್ರ, ಮಾಡಲು ಹೊರಟಾಗ ಆರಂಭದಲ್ಲಿ ತಲೆಯಾಡಿಸಿ ನಕ್ಕವರಲ್ಲಿ ಮೂವರು ಈಚೆಗೆ ಪ್ರತ್ಯೇಕವಾಗಿ ಕೇಳಿದರು: ಅದನ್ನು ಹೇಗೆ ಮಾಡಿದೆ? ಒಬ್ಬ ಹಿರಿಯ ಕಲಾವಿದರಂತೂ ನನ್ನ ಎರಡನೆಯ ಹಲಗೆಯನ್ನು ನೋಡಿ, "ಅಮೂರ್ತ ಬೇಕಿದ್ದರೆ ಅಪ್ಪನನ್ನು ಬಿಡು, ಅಪ್ಪ ಬೇಕಿದ್ದರೆ ಅಮೂರ್ತವನ್ನು ಬಿಡು, ಎರಡು ದೋಣಿಯಲ್ಲಿ ಕಾಲಿಡಬೇಡ" ಎಂದಿದ್ದರು. ಅವರ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅವರೂ ಆ ಮೂವರಲ್ಲಿ ಒಬ್ಬರು ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

ಮೊದಲ ಹಲಗೆ ಫೋಟೊ ನೋಡಿ ಮಾಡಿದ್ದು. ಅದು ಹಲಗೆಯೂ ಅಲ್ಲ, ಚೌಕಟ್ಟಿಗೆ ಬಿಗಿದ ಹತ್ತಿಯ ಕ್ಯಾನ್ವಾಸ್. ಮೊಬೈಲಿನಲ್ಲಿ ಹತ್ತಿರದಿಂದ ತೆಗೆದ ಚಿತ್ರ, ಮೂಗು ಉಬ್ಬಿದೆ, ಕಿವಿಗಳು ಹಿಂದೆ ಸರಿದು ಚಿಕ್ಕದಾಗಿವೆ. ಇದು ಗೊತ್ತಿದ್ದೂ ಕಣ್ಣಂದಾಜಿನಲ್ಲಿ ಸರಿಪಡಿಸುತ್ತೇನೆಂದು ಹೊರಟೆ. ಒಂದೂವರೆ ತಿಂಗಳು ತಿದ್ದಿದ ಮೇಲೆ ಸಿಕ್ಕಿದ್ದು ಗುರುತಿನ ಚೀಟಿಗೆ ಅಂಟಿಸಬಹುದಾದ ಅಪ್ಪ. ಎಲ್ಲರೂ ಹೊಗಳಿದರು. "ಥೇಟ್ ಅವರೇ" ಎಂದರು. ಅಪ್ಪ ಮಾತ್ರ ಒಂದು ನಿಮಿಷ ನೋಡಿ, "ಇವನಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ" ಎಂದು ಹೇಳಿ ಹೊರಟುಹೋದರು. ಆ ಮಾತು ನನ್ನ ತಲೆಗೆ ಹತ್ತಿದ್ದು ಒಂದು ವರ್ಷದ ಮೇಲೆ. ಫೋಟೊ ತೆಗೆಯುವಾಗ ಯಾರೂ ಅವರೊಡನೆ ಮಾತನಾಡುತ್ತಿರಲಿಲ್ಲ, ಹಾಗಾಗಿ ತಲೆ ನೆಟ್ಟಗಿತ್ತು.

ಎರಡನೆಯದು ಎದುರು ಕೂರಿಸಿಕೊಂಡು ಮಾಡಿದ್ದು. ದರ್ಜಿಗೆ ಸುಮ್ಮನೆ ಕುಳಿತು ಅಭ್ಯಾಸವಿಲ್ಲ. ಹತ್ತು ನಿಮಿಷಕ್ಕೆ ಕೈ ಏನನ್ನಾದರೂ ಹುಡುಕುತ್ತದೆ, ಇಪ್ಪತ್ತು ನಿಮಿಷಕ್ಕೆ ನಿದ್ದೆ. ಇಂಗ್ಲಿಷ್ ಚಿತ್ರಕಾರ ಡೇವಿಡ್ ಹಾಕ್ನಿ 1977ರಲ್ಲಿ ಬರೆದ ತಂದೆತಾಯಿಯರ ಚಿತ್ರದಲ್ಲಿ ತಾಯಿ ನೇರವಾಗಿ ನಮ್ಮನ್ನು ನೋಡುತ್ತಾರೆ, ತಂದೆ ಮಡಿಲಿನ ಪುಸ್ತಕದ ಮೇಲೆ ಬಾಗಿ ಮಗನನ್ನೇ ಮರೆತಿದ್ದಾರೆ. ಅಪ್ಪಂದಿರನ್ನು ಕೂರಿಸುವವರ ಪಾಡು ಎಲ್ಲೆಡೆಯೂ ಇದೇ ಇರಬೇಕು. ನನ್ನಪ್ಪನ ಕೈಗೆ ಗುಂಡಿ ಹೊಲಿಯುವ ಕೆಲಸ ಕೊಟ್ಟೆ. ಆಗ ಮುಖ ಕೆಳಗೆ ಹೋಯಿತು, ನೆತ್ತಿ ಮಾತ್ರ ಉಳಿಯಿತು. ಅಷ್ಟು ಹೊತ್ತಿಗೆ ನನಗೆ ಹಟ ಬಂದು, ಮುಖವನ್ನು ಚಪ್ಪಟೆ ಚಪ್ಪಟೆಯಾದ ತಳಗಳಾಗಿ ಒಡೆದು, ಕೆನ್ನೆಗೆ ಒಂದು ಹಸಿರು ತ್ರಿಕೋನ, ಹಣೆಗೆ ಓಕರ್ ಎಂಬ ಹಳದಿ ಮಣ್ಣುಬಣ್ಣದ ಒಂದು ಪಟ್ಟಿ ಹಾಕಿ "ಅಮೂರ್ತ" ಮಾಡಿದೆ. ಹಿರಿಯರು ದೋಣಿಯ ಮಾತು ಹೇಳಿದ್ದು ಇದನ್ನು ನೋಡಿಯೇ. ಈಗ ನೋಡಿದರೆ ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು ಎನಿಸುತ್ತದೆ. ಅದು ಮುಖದ ಮೇಲೆ ತೊಡಿಸಿದ ಅಮೂರ್ತ, ಬಾಡಿಗೆಗೆ ತಂದ ಕೋಟಿನಂತೆ. ಭುಜಕ್ಕೆ ಕೂರುತ್ತಿರಲಿಲ್ಲ.

ದಾರಿ ತೋರಿಸಿದ್ದು ಸಿಟ್ಟು. ಒಂದು ಸಂಜೆ ಆ ಎರಡನೆಯ ಚಿತ್ರದ ಹಸಿ ಬಣ್ಣವನ್ನೆಲ್ಲ ಅಗಲವಾದ ಅಲಗಿನಿಂದ ಎಳೆದು ಹಾಕಿದೆ. ಬೆಳಿಗ್ಗೆ ನೋಡಿದರೆ ಹಸಿರು ತ್ರಿಕೋನ ಹೋಗಿತ್ತು, ಕಣ್ಣು ಹೋಗಿತ್ತು, ಎಡಗಿವಿಯ ಸುತ್ತಲಿನ ಉಂಬರ್ ಎಂಬ ಕಂದು ಮಣ್ಣುಬಣ್ಣ ಮಾತ್ರ ಉಳಿದಿತ್ತು. ಉಂಬರ್ ಬೇಗ ಒಣಗುತ್ತದೆ, ಅದರಲ್ಲಿರುವ ಮ್ಯಾಂಗನೀಸ್ ಕಾರಣ. ಹಾಗಾಗಿ ಅಲಗು ಅದರ ಮೇಲೆ ಜಾರಿಹೋಗಿತ್ತು, ಅಷ್ಟೇ. ಅದರಲ್ಲಿ ನನ್ನ ಪ್ರತಿಭೆಯೇನೂ ಇರಲಿಲ್ಲ. ಆದರೆ ಆ ಉಳಿದ ಕಂದು ಕಲೆಯಲ್ಲಿ ಅಪ್ಪ ಯಾರ ಮಾತಿಗೋ ಕಿವಿಗೊಡುತ್ತಿದ್ದರು.

ಚಿತ್ರ ಕೆಟ್ಟಿದ್ದೂ ಅಲ್ಲೇ. ಅಲಗು ಎಳೆದಾಗ ಹಿಂದಿನ ಚೌಕಟ್ಟಿನ ಅಡ್ಡಪಟ್ಟಿ ಕ್ಯಾನ್ವಾಸಿನ ಮೇಲೆ ಎದ್ದು, ಹಣೆಯ ಮೇಲೆ ನೇರವಾದ ಬರೆಯೊಂದು ಮೂಡಿತ್ತು. ಕ್ಯಾನ್ವಾಸ್ ಮೇಲೆ ಕೆರೆಯುವವರೆಲ್ಲ ಒಮ್ಮೆಯಾದರೂ ಈ ಗೆರೆಯನ್ನು ಕಂಡಿರುತ್ತೀರಿ. ಹಿಂದೆ ರಟ್ಟು ತುರುಕಿ ನೋಡಿದೆ, ರಟ್ಟಿನ ಅಂಚೂ ಮೂಡಿತು. ಅಂದಿನಿಂದ ಕ್ಯಾನ್ವಾಸ್ ಬಿಟ್ಟು ಪ್ಲೈವುಡ್ ಹಲಗೆಗೆ ಬಂದೆ. ಮೂವತ್ತು ಇಂಚು ಎತ್ತರ, ಇಪ್ಪತ್ನಾಲ್ಕು ಅಗಲ. ತಲೆ ಮತ್ತು ಭುಜ ನಿಜವಾದ ಅಳತೆಯಲ್ಲೇ ಇರಬೇಕೆಂದು ಅಪ್ಪನ ಷರತ್ತು: "ಅಳತೆ ಎಂದರೆ ಅಳತೆ. ಮುಕ್ಕಾಲು ಭಾಗಕ್ಕೆ ಯಾರೂ ಅಂಗಿ ಹೊಲಿಯುವುದಿಲ್ಲ."

ಮೂರನೆಯ ಹಲಗೆ ಬಿಲ್ಲಿನಂತೆ ಬಾಗಿತು. ತಪ್ಪು ನನ್ನದೇ. ಮುಂಭಾಗಕ್ಕೆ ನಾಲ್ಕು ಪದರ ಗೆಸ್ಸೋ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ತಳ) ಬಳಿದು ಹಿಂಭಾಗವನ್ನು ಬೋಳು ಬಿಟ್ಟಿದ್ದೆ. ತೇವದ ಹವೆ ಬಂದ ಕೂಡಲೇ ಮರ ತನ್ನ ಬುದ್ಧಿ ತೋರಿಸಿತು. ಹಿಂಬದಿಗೂ ಅಷ್ಟೇ ಬಳಿಯಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು, ನನಗೂ ಗೊತ್ತಿತ್ತು, ಸೋಮಾರಿತನಕ್ಕೆ ಗೊತ್ತಿರಲಿಲ್ಲ.

ನಾಲ್ಕನೆಯದರಲ್ಲಿ ತಳವೇ ಕೈಕೊಟ್ಟಿತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕೆರೆಯುವ ಕೆಲಸದ ಗುಟ್ಟು ಅರ್ಧ ಇಲ್ಲಿದೆ. ಬರೀ ಅಕ್ರಿಲಿಕ್ ಗೆಸ್ಸೋ ಎಣ್ಣೆಯನ್ನು ಹೀರುತ್ತದೆ. ಮೊದಲ ದಿನದ ಬಣ್ಣ ಒಳಗಿಳಿದು ಕೂರುತ್ತದೆ, ಆಮೇಲೆ ಎಷ್ಟು ಕೆರೆದರೂ ಆ ಮೊದಲ ಮುಖದ ನೆರಳು ಹೋಗುವುದಿಲ್ಲ. ಮೊದಲ ಮುಖವೋ ಯಾವಾಗಲೂ ಕೆಟ್ಟದ್ದೇ, ಅದು ಹೋಗಬೇಕು. ಸರಿ ಎಂದು ಗೆಸ್ಸೋ ಮೇಲೆ ಎಣ್ಣೆಯ ತಳವನ್ನು ದಪ್ಪವಾಗಿ ಬಳಿದೆ. ಈಗ ತದ್ವಿರುದ್ಧ, ಗಾಜಿನ ಮೇಲೆ ಬರೆದಂತೆ. ಅಲಗು ಒಮ್ಮೆ ಹೋದರೆ ಎಲ್ಲವೂ ಹೋಯಿತು, ನೆನಪಿಗೆ ಒಂದು ಗೆರೆಯೂ ಉಳಿಯಲಿಲ್ಲ. ಬೇಕಾದದ್ದು ಇವೆರಡರ ನಡುವಿನದು: ಒಂದಿಷ್ಟು ಹೀರಬೇಕು, ಒಂದಿಷ್ಟು ಬಿಟ್ಟುಕೊಡಬೇಕು. ಆ ಪ್ರಮಾಣವನ್ನು ಹುಡುಕಲು ಅಂಗೈ ಅಗಲದ ಹನ್ನೆರಡು ತುಂಡುಗಳ ಮೇಲೆ ಪರೀಕ್ಷೆ ಮಾಡಿದೆ. ಒಂಬತ್ತನೆಯ ತುಂಡು ಸರಿಯಾಗಿ ಬಂತು. ಅದರಲ್ಲಿ ಏನು ಎಷ್ಟು ಬೆರೆಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹನ್ನೆರಡು ತುಂಡು ನೀವೂ ಮಾಡಿ ನೋಡಿ, ಒಂದು ವಾರದ ಕೆಲಸ.

ಐದನೆಯದು ಬಿರಿಯಿತು. ಎಣ್ಣೆ ಹೆಚ್ಚಿದ್ದ ಪದರದ ಮೇಲೆ ಟರ್ಪೆಂಟೈನ್‌ನಲ್ಲಿ ತೆಳುಗೊಳಿಸಿದ ಉಂಬರ್ ಎಳೆದಿದ್ದೆ. ಮೇಲೆ ಹೋದಂತೆ ಎಣ್ಣೆ ಹೆಚ್ಚಬೇಕು ಎಂಬ ಮೊದಲ ಪಾಠವನ್ನೇ ಮರೆತಿದ್ದೆ. ಇದರ ಬಗ್ಗೆ ಇಷ್ಟೇ ಸಾಕು.

ಈಗ ಕೊನೆಗೂ ನಡೆದ ಕ್ರಮ.

ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಅಪ್ಪನ ಎದುರು ಕೂರುತ್ತೇನೆ. ಬಣ್ಣವಿಲ್ಲ, ಚಿತ್ರ ನಿಲ್ಲಿಸುವ ಈಸೆಲ್ ಇಲ್ಲ. ಕಪ್ಪು ಕಾಗದ ಮತ್ತು ಅವರದೇ ದರ್ಜಿ ಸೀಮೆಸುಣ್ಣ. ಇದ್ದಿಲಿನಲ್ಲಿ ನನಗೆ ಕೈ ಚೆನ್ನಾಗಿ ಪಳಗಿದೆ, ಪಳಗಿದ ಕೈ ಸುಳ್ಳು ಹೇಳುತ್ತದೆ. ಆ ಚಪ್ಪಟೆ ಸೀಮೆಸುಣ್ಣದಲ್ಲಿ ರೆಪ್ಪೆ ಬರೆಯಲಾಗುವುದಿಲ್ಲ, ತುಟಿಯ ಅಂಚು ಬರೆಯಲಾಗುವುದಿಲ್ಲ. ಭುಜ ಬರೆಯಬಹುದು. ಒಂದು ಕೂತಲ್ಲಿ ಎಂಟೋ ಹತ್ತೋ ರೇಖಾಚಿತ್ರಗಳಾಗುತ್ತವೆ. ಇಡೀ ಕೆಲಸದಲ್ಲಿ ಇನ್ನೂರನ್ನು ದಾಟಿರಬಹುದು.

ತಲೆ ಹೊರಳಿರಬೇಕಲ್ಲ, ಅದಕ್ಕೊಂದು ಉಪಾಯ. ಮೆಲ್ಲಗೆ ಮಾತನಾಡುತ್ತೇನೆ. ಅವರ ಬಲಬದಿಯಲ್ಲಿ ಕುಳಿತು, ಅರ್ಧ ಕೇಳಿಸುವಷ್ಟು, ಅವರಿಗೆ ಇಷ್ಟವಾದ ವಿಷಯವನ್ನೇ ಎತ್ತುತ್ತೇನೆ: ಕಾಲರ್ ಏಕೆ ಮಡಿಚಿಕೊಳ್ಳುತ್ತದೆ, ತೋಳಿನ ತುದಿಯಲ್ಲಿ ನೆರಿಗೆ ಏಕೆ ಬೀಳುತ್ತದೆ. ಜೋರಾಗಿ ಮಾತನಾಡಿದರೆ ತಲೆ ನೆಟ್ಟಗಾಗುತ್ತದೆ, ಸುಮ್ಮನಿದ್ದರೆ ನಿದ್ದೆ ಬರುತ್ತದೆ. ಅಮ್ಮ ಒಮ್ಮೆ ಬಾಗಿಲಲ್ಲಿ ನಿಂತು, "ಅವರಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಪಿಸುಗುಟ್ಟುತ್ತೀಯಲ್ಲ" ಎಂದು ಬೈದರು. ಚಿತ್ರಕ್ಕಾಗಿ ಎಂದೆ. ನಂಬಲಿಲ್ಲ.

ಆ ಮೇಲೆ ರೇಖಾಚಿತ್ರಗಳನ್ನು ಬೋರಲು ಹಾಕಿ ಬೇರೆ ಕೋಣೆಗೆ ಹೋಗುತ್ತೇನೆ. ಅಲ್ಲಿ ಹಲಗೆಯ ಮೇಲೆ ಪೂರ್ತಿ ಮುಖ ಬರೆಯುತ್ತೇನೆ. ಕಣ್ಣು, ಮೂಗು, ಕನ್ನಡಕದ ತಂತಿ, ಗಲ್ಲದ ಗುಳಿ, ಎಲ್ಲವೂ. ಇದೇ ಜನರಿಗೆ ನಂಬಿಕೆಯಾಗದ ಭಾಗ. ಹೇಗಿದ್ದರೂ ಅಳಿಸುವುದಾದರೆ ಮೊದಲಿಗೇ ಮಸುಕಾಗಿ ಬರೆಯಬಾರದೇ ಎಂದು ಕೇಳುತ್ತಾರೆ. ಬರೆದು ನೋಡಿದ್ದೇನೆ. ಮಸುಕಾಗಿ ಆರಂಭಿಸಿದ್ದು ಮಂಜಾಗುತ್ತದೆಯೇ ಹೊರತು ಮನುಷ್ಯನಾಗುವುದಿಲ್ಲ. ಅಪ್ಪನ ಭಾಷೆಯಲ್ಲಿ ಹೇಳುವುದಾದರೆ ಕಣ್ಣು ಮೂಗುಗಳು ಕಚ್ಚಾ ಹೊಲಿಗೆ. ಅಂಗಿ ಸಿದ್ಧವಾದ ಮೇಲೆ ಆ ದಾರವನ್ನು ಎಳೆದು ಬಿಸಾಡುತ್ತಾರೆ, ಆದರೆ ಅದಿಲ್ಲದೆ ತೋಳು ಸರಿಯಾದ ಜಾಗದಲ್ಲಿ ಕೂರುವುದಿಲ್ಲ.

ಎರಡು ಮೂರು ದಿನ ಬಿಡುತ್ತೇನೆ. ಬೆರಳಿನಿಂದ ಮುಟ್ಟಿದರೆ ಅಂಟಬಾರದು, ಒತ್ತಿದರೆ ಗುರುತು ಬೀಳಬೇಕು. ಆ ಹದ ತಪ್ಪಿದರೆ ಎಲ್ಲವೂ ಹೋಗುತ್ತದೆ ಅಥವಾ ಯಾವುದೂ ಹೋಗುವುದಿಲ್ಲ. ಉಂಬರ್ ಬೆರೆತ ಭಾಗ ಮೊದಲು ಗಟ್ಟಿಯಾಗುತ್ತದೆ, ಬಿಳಿ ಮತ್ತು ಐವರಿ ಕಪ್ಪು ತಡ. ಅಂದರೆ ಎಲ್ಲಿ ಉಳಿಯಬೇಕೋ ಅಲ್ಲಿ ಉಂಬರ್, ಎಲ್ಲಿ ಹೋಗಬೇಕೋ ಅಲ್ಲಿ ಬಿಳಿ ಹಾಕಿದರೆ ಅರ್ಧ ನಿರ್ಧಾರವನ್ನು ಬಣ್ಣವೇ ಮಾಡುತ್ತದೆ. ಅಂದು ಸಿಟ್ಟಿನಲ್ಲಿ ಆದದ್ದನ್ನು ಈಗ ಬೇಕೆಂದು ಮಾಡುವುದು, ಇಷ್ಟೇ ವ್ಯತ್ಯಾಸ. ಬಿಳಿ ಎಂದರೆ ಟೈಟಾನಿಯಂ. ಸೀಸದ ಬಿಳಿ ಬೇಗ ಒಣಗುತ್ತದೆ, ಅದರ ಪದರ ಗಟ್ಟಿಯೂ ಹೌದು, ಬ್ರಿಟಿಷ್ ಚಿತ್ರಕಾರ ಲೂಸಿಯನ್ ಫ್ರಾಯ್ಡ್ ಚರ್ಮಕ್ಕೆ ಬಳಸಿದ್ದೂ ಅದನ್ನೇ. ಆದರೆ ವಾರವಾರ ಕೆರೆದು, ಆಗಾಗ ಒಣಗಿದ್ದನ್ನೂ ಉಜ್ಜುವವರು ಆ ವಿಷದ ಧೂಳನ್ನು ಮನೆಯೊಳಗೆ ಎಬ್ಬಿಸಬಾರದು.

ಅಲಗು ನಾಲ್ಕು ಇಂಚು ಅಗಲ, ಗೋಡೆಗೆ ಪುಟ್ಟಿ ಹಚ್ಚುವವರ ಉಕ್ಕಿನದು. ಎಳೆತ ಯಾವಾಗಲೂ ಒಂದೇ ದಿಕ್ಕಿಗೆ, ಅಪ್ಪನ ಎಡ ಭುಜದಿಂದ ಬಲ ಭುಜದ ಕಡೆಗೆ, ಆ ಇಳಿಜಾರಿನ ಉದ್ದಕ್ಕೆ. ಅಡ್ಡಾದಿಡ್ಡಿ ಎಳೆದರೆ ಅದು ಬರೀ ಅಳಿಸುವಿಕೆ. ಒಂದೇ ದಿಕ್ಕಿಗೆ ಮೂವತ್ತು ಸಲ ಎಳೆದಾಗ ಇಡೀ ಹಲಗೆಯೇ ಆ ಕಡೆ ವಾಲುತ್ತದೆ.

ಕೆರೆದ ಮೇಲೆ ಐದು ಗುರುತುಗಳನ್ನು ಮಾತ್ರ ಮರಳಿ ಹಾಕುತ್ತೇನೆ. ಐದು ಎಂಬುದಕ್ಕೆ ಶಾಸ್ತ್ರವಿಲ್ಲ, ಏಳು ಹಾಕಿದ ವಾರಗಳಲ್ಲಿ ಚಿತ್ರ ಕೆಟ್ಟಿತು, ಮೂರು ಹಾಕಿದಾಗ ಬರಿದೆನಿಸಿತು. ರೇಖಾಚಿತ್ರ ನೋಡದೆ, ಅಪ್ಪನನ್ನು ನೋಡದೆ, ಏನಿಲ್ಲದೆ ಇರಲಾಗುವುದಿಲ್ಲವೋ ಅದನ್ನಷ್ಟೇ. ಮೊದಮೊದಲು ಪ್ರತಿ ಬಾರಿಯೂ ಕಣ್ಣು ಮರಳಿ ಬರುತ್ತಿತ್ತು. ಹತ್ತನೆಯ ಕೆರೆತದ ಹೊತ್ತಿಗೆ ಕಣ್ಣು ಬೇಡವಾಯಿತು, ಕನ್ನಡಕದ ಎಡ ಕಾಲು ಮಾತ್ರ ಬೇಕೆನಿಸಿತು. ಇಪ್ಪತ್ತರ ಸುಮಾರಿಗೆ ಅದೂ ಹೋಯಿತು. ಕಿವಿಯ ಕೆಳಗಿನ ಒಂದು ಬಿಸಿ ಕಂದು ತೇಪೆ ಮಾತ್ರ ಪ್ರತಿ ವಾರವೂ ಮರಳಿತು, ಒಮ್ಮೆಯೂ ತಪ್ಪಲಿಲ್ಲ.

ಕೈಗಳ ಕಥೆ ಬೇರೆ. ದರ್ಜಿಯ ಕೈ ಬಿಡುವುದುಂಟೇ ಎಂದು ಆರು ಹಲಗೆಗಳವರೆಗೂ ಕಾಡಿದೆ. ಹಾಕಿದಲ್ಲೆಲ್ಲ ನೋಡುವವರ ಕಣ್ಣು ನೇರವಾಗಿ ಕೈಗೆ ಹೋಗಿ, "ಶ್ರಮಜೀವಿ" ಎಂದು ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಿತ್ತು. ಅರ್ಮೇನಿಯಾ ಮೂಲದ ಅಮೆರಿಕನ್ ಚಿತ್ರಕಾರ ಆರ್ಶಿಲ್ ಗೋರ್ಕಿ ತನ್ನನ್ನೂ ತಾಯಿಯನ್ನೂ ಬರೆದ ಚಿತ್ರಗಳಿವೆ. 1912ರಲ್ಲಿ, ಇಂದಿನ ಟರ್ಕಿಯಲ್ಲಿರುವ ವಾನ್‌ನಲ್ಲಿ ತೆಗೆಸಿದ ಒಂದು ಫೋಟೊ, 1919ರಲ್ಲಿ ಹಸಿವಿನಿಂದ ತೀರಿಕೊಂಡ ತಾಯಿ, 1926ರ ಸುಮಾರಿಗೆ ಅಮೆರಿಕದಲ್ಲಿ ಆರಂಭಿಸಿ ಹತ್ತು ವರ್ಷಕ್ಕೂ ಮೀರಿ ಕೈಬಿಡದೆ ತಿದ್ದಿದ ಎರಡು ಕ್ಯಾನ್ವಾಸ್‌ಗಳು. ರೇಜರ್ ಅಲಗಿನಿಂದ ಕೆರೆದು ಕೆರೆದು ಮೈಯನ್ನು ನುಣುಪು ಮಾಡಿದವನು ಕೈಗಳ ಜಾಗದಲ್ಲಿ ಬೆರಳಿಲ್ಲದ ಬಿಳಿಚು ಮುದ್ದೆಗಳನ್ನು ಹಾಗೇ ಬಿಟ್ಟ. ಅವುಗಳನ್ನು ಅಪೂರ್ಣ ಎನ್ನುವವರಿದ್ದಾರೆ. ಆರು ಹಲಗೆ ಹಾಳು ಮಾಡಿದವರು ಹಾಗೆನ್ನುವುದಿಲ್ಲ. ಏಳನೆಯದರಲ್ಲಿ ನಾನು ಮುದ್ದೆಯನ್ನೂ ಇಡಲಿಲ್ಲ, ಭುಜದ ಕೆಳಗೆ ಹಲಗೆಯನ್ನೇ ಮುಗಿಸಿದೆ.

ಇನ್ನೊಂದು ಆರೋಪಕ್ಕೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. "ಇದು ಗೆರ್ಹಾರ್ಡ್ ರಿಕ್ಟರ್ ಮಾಡಿದ್ದೇ ಅಲ್ಲವೇ?" ಅಲ್ಲ. ಆ ಜರ್ಮನ್ ಚಿತ್ರಕಾರ 1965ರಲ್ಲಿ ತಂದೆಯನ್ನು ನಾಯಿಯೊಡನೆ ಬರೆದದ್ದು ಫೋಟೊ ಇಟ್ಟುಕೊಂಡು, ಹಸಿ ಬಣ್ಣದ ಮೇಲೆ ಕುಂಚ ಎಳೆದು ಮಸುಕು ಮಾಡಿ. ಅಲ್ಲಿ ಮಸುಕು ಕೊನೆಗೆ ಬರುತ್ತದೆ. ನನ್ನಲ್ಲಿ ಮಸುಕಿಲ್ಲ, ಉಳಿದ ಪ್ರತಿ ಅಂಚೂ ಚೂಪಾಗಿದೆ, ಹತ್ತಿರ ಬಂದು ನೋಡಿ. ಒಂದಷ್ಟು ಕಾಣೆಯಾಗಿದೆ, ಕಾಣುವುದು ಸ್ಪಷ್ಟವಾಗಿದೆ. ಅಮೂರ್ತ ಎಂದು ಜನ ಕರೆಯುವುದು ಆ ಕಾಣೆಯಾದದ್ದನ್ನು.

ನಡುನಡುವೆ ದಾರಿ ತಪ್ಪಿ ಮಾಡಿದ ಪ್ರಯೋಗಗಳೂ ಇವೆ. ಅಪ್ಪನ ಕಸುಬಿನಲ್ಲೂ ಕ್ಯಾನ್ವಾಸ್ ಎಂಬ ಮಾತಿದೆ, ಕಾಲರಿನ ಒಳಗೆ, ಕೋಟಿನ ಎದೆಗೆ ಇಡುವ ಬಿರುಸು ಬಟ್ಟೆ. ಇಬ್ಬರೂ ಕ್ಯಾನ್ವಾಸಿನವರೇ ಎಂಬ ಖುಷಿಯಲ್ಲಿ ಆ ಬಟ್ಟೆಯನ್ನೇ ಹಲಗೆಗೆ ಅಂಟಿಸಿ ಬರೆದೆ. ಅದರ ಕೂದಲಿನಂಥ ಎಳೆಗಳು ಅಲಗಿಗೆ ಸಿಕ್ಕಿ ಎದ್ದುಬಂದವು, ಅಪ್ಪನಿಗೆ ಗಡ್ಡ ಬಂದಂತಾಯಿತು. ಮತ್ತೊಮ್ಮೆ ಬಟ್ಟೆಗೆ ನಿಜವಾದ ಕಚ್ಚಾ ಹೊಲಿಗೆ ಹಾಕಿ, ಅದರ ಮೇಲೆ ಬಣ್ಣ ಬಳಿದು, ಒಣಗುವ ಮೊದಲು ದಾರ ಎಳೆದೆ. ಭುಜದ ಉದ್ದಕ್ಕೆ ಚುಕ್ಕಿ ಚುಕ್ಕಿ ಬಿಳಿ ಗೆರೆ ಉಳಿಯಿತು. ಬಹಳ ಚೆಂದ ಕಾಣುತ್ತಿತ್ತು, ಅದಕ್ಕೇ ಅನುಮಾನ ಬಂತು. ನೋಡಿದವರೆಲ್ಲ "ಓ, ದರ್ಜಿ!" ಎಂದರು. ಚಿತ್ರ ಒಗಟಾಗಿ, ಉತ್ತರ ಸಿಕ್ಕಿದ ಮೇಲೆ ಸತ್ತುಹೋಯಿತು. ಎಡಗೈಯಲ್ಲಿ ಬರೆಯುವುದನ್ನೂ ಒಂದು ತಿಂಗಳು ಮಾಡಿದೆ. ಮೂರನೆಯ ವಾರಕ್ಕೆ ಎಡಗೈಯೂ ಜಾಣನಾಯಿತು. ಅಗಸೆ ಎಣ್ಣೆ ಹಳದಿಯಾಗುತ್ತದೆಂದು ಆಕ್ರೋಟಿನ ಎಣ್ಣೆಗೆ ಹೋದೆ, ಅದು ಒಣಗುವುದು ನಿಧಾನ, ನನ್ನ ಮೂರು ದಿನದ ಹದ ಆರು ದಿನವಾಯಿತು. ಮರಳಿ ಬಂದೆ. ಕತ್ತಲಲ್ಲಿ ಇಟ್ಟ ಹಲಗೆ ಹಳದಿ ತಿರುಗಿದರೂ ಬೆಳಕಿಗೆ ತಂದಿಟ್ಟರೆ ಬಹುಮಟ್ಟಿಗೆ ಇಳಿಯುತ್ತದೆ, ಅಷ್ಟು ಹೆದರಬೇಕಾಗಿಲ್ಲ.

ಒಂದು ಅನಾಹುತ ಹೇಳಲೇಬೇಕು. ಕೆರೆದ ಅಲಗನ್ನು ಒರೆಸಿದ ಚಿಂದಿಗಳನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ರಾಶಿ ಹಾಕುವುದು ನನ್ನ ಚಟ. ಒಂದು ರಾತ್ರಿ ಸುಟ್ಟ ವಾಸನೆ ಬಂತು. ಬುಟ್ಟಿಗೆ ಕೈ ಹಾಕಿದರೆ ಒಳಗೆ ಬಿಸಿ, ನಡುವಿನ ಎರಡು ಚಿಂದಿಗಳು ಕಂದಾಗಿ ಕರಿಕಲಾಗಿದ್ದವು. ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ರಾಶಿಯಲ್ಲಿ ಆ ಶಾಖ ಹೊರಹೋಗುವುದಿಲ್ಲ, ತಾನೇ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಆರನೆಯ ಹಲಗೆ, ಅದರ ಹಿಂದೆ ಇನ್ನೂರು ರೇಖಾಚಿತ್ರಗಳು. ಈಗ ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರು ತುಂಬಿ ಅದರೊಳಗೆ ಹಾಕುತ್ತೇನೆ. ಈ ಲೇಖನದಲ್ಲಿ ಬೇರೆ ಏನನ್ನು ನಂಬದಿದ್ದರೂ ಇದನ್ನು ನಂಬಿ.

ಹಣದ ಮಾತು. ಬಣ್ಣಕ್ಕೆ ನಾನು ಹೆದರಿದಷ್ಟು ಹೋಗಲಿಲ್ಲ, ಏಕೆಂದರೆ ಅಪ್ಪನ ಮುಖಕ್ಕೆ ಬೇಕಾದದ್ದೆಲ್ಲ ಮಣ್ಣಿನ ಬಣ್ಣಗಳು: ಓಕರ್, ಸಿಯೆನ್ನಾ, ಉಂಬರ್. ಕ್ಯಾಡ್ಮಿಯಂ ಕೆಂಪಿನ ಒಂದು ಟ್ಯೂಬಿನ ಹಣದಲ್ಲಿ ಇವು ಮೂರೂ ಬರುತ್ತವೆ, ಚಿಲ್ಲರೆಯೂ ಉಳಿಯುತ್ತದೆ. ಬಿಳಿ ಮಾತ್ರ ಕುಡಿದಂತೆ ಖರ್ಚಾಯಿತು, ದೊಡ್ಡ ಟ್ಯೂಬುಗಳೇ ಹದಿನೈದೋ ಹದಿನಾರೋ. ಹಲಗೆ, ತಳ, ಅಲಗು, ಬಣ್ಣ ಎಲ್ಲ ಸೇರಿ ನನ್ನ ಕೆಲಸದ ಕೋಣೆಯ ಎರಡು ತಿಂಗಳ ಬಾಡಿಗೆಯಷ್ಟು. ನಿಜವಾದ ನಷ್ಟ ಅದಲ್ಲ. ಫೋಟೊದಂತೆ ಬರೆದುಕೊಡಿ ಎಂದು ಬಂದ ಎರಡು ಭಾವಚಿತ್ರಗಳ ಕೆಲಸವನ್ನು ಬಿಟ್ಟೆ, ಕೈ ಕೆಡುತ್ತದೆಂದು. ಅದು ಐದು ತಿಂಗಳ ಬಾಡಿಗೆ. ಮೂರನೆಯದು ಬಂದಾಗ ಬಿಡುವ ಸ್ಥಿತಿಯಲ್ಲಿರಲಿಲ್ಲ, ಬರೆದುಕೊಟ್ಟೆ, ಕೈ ಏನೂ ಕೆಡಲಿಲ್ಲ. ಮೊದಲ ಎರಡನ್ನೂ ಸುಮ್ಮನೆ ಬಿಟ್ಟೆನಲ್ಲ ಎಂದು ಇಂದಿಗೂ ಹೊಟ್ಟೆ ಉರಿಯುತ್ತದೆ. ಅಪ್ಪನಂತೂ ಕೆರೆಯುವುದನ್ನು ಮೊದಲ ಬಾರಿ ನೋಡಿದಾಗ, "ಹೊಲಿದು ಬಿಚ್ಚಿದ್ದಕ್ಕೆ ಯಾರೂ ಕೂಲಿ ಕೊಡುವುದಿಲ್ಲ" ಎಂದರು. ಕೊಟ್ಟರು. ಆರನೆಯ ಹಲಗೆಯನ್ನು ಕೊಂಡವರು, ನಾನು ಬಿಟ್ಟ ಆ ಎರಡು ಕೆಲಸಗಳಲ್ಲಿ ಒಂದನ್ನು ತಂದಿದ್ದವರೇ. ತಮ್ಮ ತಂದೆಯ ಫೋಟೊ ಹಿಡಿದು ಬಂದಿದ್ದವರು ನನ್ನ ತಂದೆಯನ್ನು ಕೊಂಡುಹೋದರು. ನಾಲ್ಕು ತಿಂಗಳ ಬಾಡಿಗೆ ಬಂತು. ಲೆಕ್ಕ ಇನ್ನೂ ಸಮವಾಗಿಲ್ಲ.

ಕೆರೆದ ಬಣ್ಣ ಎಲ್ಲಿ ಹೋಯಿತು ಎಂದು ಕೇಳುವವರಿಗೆ: ಎಸೆಯಲಿಲ್ಲ. ಒಂದು ತಗಡಿನ ಡಬ್ಬದಲ್ಲಿ ಕೂಡಿಟ್ಟೆ, ಎರಡು ವರ್ಷಕ್ಕೆ ಒಂದೂವರೆ ಕಿಲೋ ಹತ್ತಿರ ಬಂತು. ಕೆನ್ನೆ, ಹಣೆ, ಕೂದಲು, ಅಂಗಿ ಎಲ್ಲ ಸೇರಿ ಬಿಸುಪಿರುವ ಒಂದು ಬೂದು. ಏಳನೆಯ ಹಲಗೆಯ ಹಿನ್ನೆಲೆ ಪೂರ್ತಿ ಆ ಬೂದಿನದೇ. ಯಾವ ಕಂಪನಿಯ ಯಾವ ಸಂಖ್ಯೆ ಎಂದು ಕೇಳಿದವರು ಹಲವರು, ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಡಬ್ಬದಲ್ಲಿ ಕೆನೆಗಟ್ಟಿ ಗಟ್ಟಿಯಾಗದಂತೆ ಹೇಗೆ ಇಟ್ಟೆ ಎಂಬುದನ್ನು ಇನ್ನೊಮ್ಮೆ ನೋಡೋಣ.

ಕೆಲಸ ಮುಗಿಯಿತೆಂದು ಗೊತ್ತಾದದ್ದು ಅಮ್ಮನಿಂದ. ಮೂವತ್ತೊಂದನೆಯದೋ ಮೂವತ್ತೆರಡನೆಯದೋ ಕೆರೆತವಾಗಿತ್ತು. ಹಲಗೆಯ ಮೇಲೆ ಕಣ್ಣಿಲ್ಲ, ಬಾಯಿಲ್ಲ. ಎಡಗಿವಿಯ ಬಳಿ ಒಂದು ಕಂದು ತೇಪೆ, ಅದರ ಕೆಳಗೆ ಉದ್ದಕ್ಕೆ ಜಾರುವ ತಿಳಿ ಓಕರ್, ಸುತ್ತ ಬೂದು. ಅಮ್ಮ ಬಟ್ಟೆ ಮಡಿಚುತ್ತಾ ಬಾಗಿಲವರೆಗೆ ಬಂದರು, ಹನ್ನೆರಡು ಅಡಿ ದೂರವಿರಬಹುದು. ಒಳಗೆ ಬರಲೂ ಇಲ್ಲ. "ಇವರನ್ನು ಯಾರು ಕರೆದರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ನಾನು ಅಲಗನ್ನು ಒರೆಸಿ ಒಳಗಿಟ್ಟೆ.

ಅಪ್ಪನಿಗೆ ತೋರಿಸಿದ್ದು ಬಣ್ಣ ಒಣಗಿದ ಮೇಲೆ, ಒಂದು ತಿಂಗಳು ಬಿಟ್ಟು. ಬಹಳ ಹೊತ್ತು ನೋಡಿದರು. ಏನೋ ಹೇಳುತ್ತಾರೆಂದು ಕಾದೆ. ಕುತ್ತಿಗೆಯಲ್ಲಿದ್ದ ಟೇಪು ತೆಗೆದು, ಹಲಗೆಯ ಮೇಲಂಚಿನಿಂದ ಓಕರ್ ಇಳಿಜಾರಿನ ಎರಡು ತುದಿಗಳಿಗೂ ಅಳೆದರು. "ಮುಕ್ಕಾಲು ಇಂಚು ಇಟ್ಟಿದ್ದೀಯ. ಇನ್ನೂ ಕಾಲು ಇಂಚು ಇಳಿಸಬೇಕು."

ಮುಕ್ಕಾಲು ಎಂದವರು ನೀವೇ ಎಂದೆ. ಬಲಗಿವಿಯ ಕಡೆಯಿಂದ ಹೇಳಿದ್ದರಿಂದಲೋ ಏನೋ, ಉತ್ತರ ಬರಲಿಲ್ಲ. ಟೇಪು ಇಸಿದುಕೊಂಡು ಅವರನ್ನೇ ನೆಟ್ಟಗೆ ನಿಲ್ಲಿಸಿ ಅಳೆದೆ. ಎರಡು ಸಲ ಅಳೆದೆ. ಸರಿಯಾಗಿ ಒಂದು ಇಂಚು.

ಮರುದಿನ ಹಲಗೆಯನ್ನು ಮತ್ತೆ ಈಸೆಲ್‌ಗೆ ಏರಿಸಿ, ಬಲ ಭುಜದ ಭಾಗವನ್ನು ಎಣ್ಣೆಯಲ್ಲಿ ನೆನೆಸಿ, ಅಲಗು ತೆಗೆದೆ.